ಟಿ. ನರಸೀಪುರದವನು ರಸ್ಟ್ ಕಲಿತದ್ದು

ತಕ್ಕಡಿಯ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳುವ ಹಾಗಿಲ್ಲ. ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ತೂಕದ ಯಂತ್ರಗಳನ್ನು ಸರಿಯಾಗಿಟ್ಟುಕೊಳ್ಳುವುದೇ ಇಷ್ಟು ವರ್ಷ ನನ್ನ ಉದ್ಯೋಗವಾಗಿತ್ತು. ಒಂದು ಗ್ರಾಂ ಆಚೀಚೆಯಾದರೂ ನನಗೆ ದೂರದಿಂದಲೇ ತಿಳಿಯುತ್ತಿತ್ತು. ಆದ್ದರಿಂದ ಕಾರ್ಖಾನೆಯವರು ಯಂತ್ರಗಳನ್ನೆಲ್ಲ ಲಾರಿಗೆ ಹೇರಿ ಹೊಸೂರಿಗೆ ಹೊರಟು, "ನೀವೂ ಬರೋದಾದ್ರೆ ಬನ್ನಿ, ಸೋಮವಾರ ಸಂಜೆಯೊಳಗೆ ತಿಳಿಸಿ" ಎಂದಾಗ ನಾನು ಧೃತಿಗೆಡಲಿಲ್ಲ. ಇಂಥ ಪ್ರತಿಭೆಯನ್ನು ನಂಜನಗೂಡು ಅಷ್ಟು ಸುಲಭವಾಗಿ ಬಿಟ್ಟುಕೊಡುತ್ತದೆಯೇ?

ಧೃತಿಗೆಟ್ಟವಳು ನನ್ನ ಹೆಂಡತಿ ರತ್ನ. ಬಜಾರಿನಲ್ಲಿ ಅವಳ ಟೈಲರಿಂಗ್ ಅಂಗಡಿ ಈಗಷ್ಟೇ ಕುದುರಿತ್ತು. ನನ್ನ ಅವ್ವನಿಗೆ ಕಣ್ಣು ಮಂಜು. ಗೋಡೆ ಸವರಿಕೊಂಡು ಈ ಮನೆಯೊಳಗೆ ಮಾತ್ರ ಧೈರ್ಯವಾಗಿ ಓಡಾಡುತ್ತಾಳೆ. ಇಬ್ಬರನ್ನೂ ಕದಲಿಸುವ ಹಾಗಿಲ್ಲ. ಹೊಸೂರಿಗೆ ಹೋದರೆ ನಾನೊಬ್ಬನೇ ಹೋಗಬೇಕು, ಅಲ್ಲಿ ರೂಮು ಮಾಡಿಕೊಂಡು ನಾನೇ ಬೇಯಿಸಿಕೊಳ್ಳಬೇಕು. ನನ್ನ ಅಡುಗೆ ಉಂಡವರು ಇದಕ್ಕೆ ಖಂಡಿತ ಒಪ್ಪುವುದಿಲ್ಲ. ನಿಜ ಹೇಳಬೇಕೆಂದರೆ, ಈ ಇಬ್ಬರು ಹೆಂಗಸರ ಗಲಾಟೆಯಿಲ್ಲದ ಮನೆಯಲ್ಲಿ ನನಗೆ ನಿದ್ದೆಯೂ ಬರುವುದಿಲ್ಲ.

ಆಗ ಸಿಕ್ಕವರು ರಶ್ಮಿ ಮೇಡಂ. ಮೂಗೂರಿನ ಹೆಣ್ಣುಮಗಳು, ವಯಸ್ಸಿನಲ್ಲಿ ನನಗಿಂತ ಬಹಳ ಚಿಕ್ಕವರು. ನಂಜನಗೂಡಿನಲ್ಲೇ ಒಂದು ಸಿಮೆಂಟ್ ಅಂಗಡಿಯ ಮಹಡಿಯ ಮೇಲೆ ಆಫೀಸು ಮಾಡಿಕೊಂಡು, ತೂಕದ ಯಂತ್ರಗಳಿಗೆ ಪ್ರೋಗ್ರಾಂ ಬರೆದುಕೊಡುತ್ತಾರೆ.

"ನಿಮ್ಗೆ ಮಿಷನ್ ಗೊತ್ತು ಸಾರ್. ಪ್ರೋಗ್ರಾಂ ಬರುತ್ತಾ?" ಎಂದು ಕೇಳಿದರು.

"ಕಲಿತರೆ ಯಾವುದು ಬರಲ್ಲ ಮೇಡಂ" ಎಂದೆ. ಈ ಮಾತನ್ನು ಆಡುವಾಗ ಕಾಲಿನ ಮೇಲೆ ಕಾಲು ಹಾಕಿಕೊಂಡಿದ್ದೆ.

"ನಮ್ದು ರಸ್ಟ್ ಅನ್ನೋ ಭಾಷೆ. ನಂಜನಗೂಡಲ್ಲೊಂದು ಬಾಳೆಹಣ್ಣಿನ ಮಂಡಿ, ಟಿ. ನರಸೀಪುರದಲ್ಲೊಂದು ಅಕ್ಕಿ ಗಿರಣಿ, ಎರಡೂ ನಮ್ಮ ಗಿರಾಕಿ. ದಿನಕ್ಕೆ ಬಂದ ಲೋಡುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು ಅಂತ ಹುಡುಕೋ ಫಂಕ್ಷನ್ ಬೇಕು. ಮಂಡೀಲಿ ಗೊನೆ ಎಣಿಸ್ತಾರೆ, ಪೂರ್ತಿ ಸಂಖ್ಯೆ. ಗಿರಣೀಲಿ ತೂಗ್ತಾರೆ, ಪಾಯಿಂಟ್ ಬರುತ್ತೆ. ರಸ್ಟ್‌ಗೆ ಇವೆರಡೂ ಬೇರೆ ಬೇರೆ. ಆದ್ರೆ ನಮ್ಗೆ ಎರಡು ಕಡೆಗೂ ಒಂದೇ ಇರ್ಬೇಕು. ಜೆನೆರಿಕ್ ಅಂತ ಪಾಠ ಇದೆ, ಓದ್ಕೊಂಡು ಸೋಮವಾರ ಬೆಳಿಗ್ಗೆ ಬನ್ನಿ. ನೋಡೋಣ."

ಮನೆಗೆ ಬಂದು ಸುದ್ದಿ ಮುಟ್ಟಿಸಿದೆ.

"ರಸ್ಟ್ ಅಂದ್ರೆ ತುಕ್ಕು ಅಲ್ವೇನ್ರೀ?" ಎಂದಳು ರತ್ನ. "ಈಗ ಹಿಡಿದಿರೋದು ಸಾಲ್ದಾ?"

"ಅದೊಂದು ಭಾಷೆ ಕಣೇ. ಅದರಲ್ಲಿ ಜೆನೆರಿಕ್ ಅಂತ ಒಂದು ಫಂಕ್ಷನ್ ಮಾಡ್ಬೇಕು."

"ಫಂಕ್ಷನ್ನಾ? ಯಾರ ಮನೇದು?"

ಒಂದು ಕೆಲಸವನ್ನು ಮಾಡಿಕೊಡುವ ಪ್ರೋಗ್ರಾಮಿನ ತುಂಡಿಗೆ ಫಂಕ್ಷನ್ ಎನ್ನುತ್ತಾರೆಂದೂ, ಅದರಲ್ಲಿ ಊಟ ಇರುವುದಿಲ್ಲವೆಂದೂ ವಿವರಿಸಿದೆ. ಪಕ್ಕದ ಮನೆಯ ಮಾದೇವಪ್ಪ ಜಗಲಿಯ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರು. ನಮ್ಮ ಮನೆಯ ಮಾತಿಗೆ ಟಿಕೆಟ್ ಇಲ್ಲದೆ ಹತ್ತುತ್ತಾರೆ.

"ಜೆನೆರಿಕ್ಕು ಒಳ್ಳೇದು ಕಣ್ ಸಾ," ಎಂದರು. "ಬೀಪಿಗೆ ನಾನೂ ಅದ್ನೇ ತಕ್ಕೊಳ್ಳೋದು. ಕಂಪ್ನಿ ಎಸ್ರು ಇರಲ್ಲ, ಅಷ್ಟೇಯ."

ನಾನು ನಕ್ಕು, ಹಳೆಯ ಲ್ಯಾಪ್‌ಟಾಪಿನ ಧೂಳು ಒರೆಸಿ, ಪಾಠ ತೆರೆದೆ. ತೆರೆದ ತಕ್ಷಣ ನನ್ನ ಎದೆ ಉಬ್ಬಿತು. ಮೊದಲ ಉದಾಹರಣೆಯಲ್ಲೇ, ಫಂಕ್ಷನ್ನಿನ ಹೆಸರಿನ ಪಕ್ಕದಲ್ಲೇ, ಎರಡು ಚೂಪು ಗುರುತುಗಳ ನಡುವೆ ಕೂತಿತ್ತು ಒಂದು ಅಕ್ಷರ: ಟಿ.

ಇಲ್ಲಿ ಒಂದು ಮಾತು ಹೇಳಬೇಕು. ನಾನು ಹುಟ್ಟಿದ್ದು ತಿರುಮಕೂಡಲು ನರಸೀಪುರದಲ್ಲಿ. ಆ ತಿರುಮಕೂಡಲು ಸವೆದು ಸವೆದು ಬಸ್ಸಿನ ಬೋರ್ಡಿನ ಮೇಲೆ ಟಿ ಆಗಿ ನಿಂತಿದೆ. ಈ ಸೀಮೆಯಲ್ಲಿ ಯಾರೇ ಟಿ ಎಂದು ಬಾಯಿ ತೆರೆದರೂ ಉಳಿದದ್ದನ್ನು ಕೇಳುವವರೇ ತುಂಬಿಕೊಳ್ಳುತ್ತಾರೆ. ಮೇಡಂ ಬೇರೆ ಟಿ. ನರಸೀಪುರದ ಗಿರಣಿ ಎಂದಿದ್ದರು. ಟಿ ಎಂದರೆ ಏನು ಎಂದು ಪಾಠದಲ್ಲಿ ಉದ್ದದ ವಿವರಣೆಯಿತ್ತು. ಊರಿನವನಿಗೆ ಊರಿನ ವಿವರಣೆ ಯಾಕೆಂದು ನಾನು ಅದನ್ನು ಹಾರಿಸಿ ಮುಂದಕ್ಕೆ ಹೋದೆ.

ಮರುದಿನ ಬೆಳಿಗ್ಗೆ ಬರೆಯಲು ಕೂತೆ. ಟಿ ಒತ್ತಿದ ಬೆರಳು ತಾನಾಗಿ ಪಕ್ಕದಲ್ಲೊಂದು ಚುಕ್ಕಿ ಇಟ್ಟಿತು. ಶಾಲೆಯ ಸರ್ಟಿಫಿಕೇಟಿನಿಂದ ಹಿಡಿದು ಲಗ್ನಪತ್ರಿಕೆಯವರೆಗೆ ಟಿ ಬರೆದಲ್ಲೆಲ್ಲ ಚುಕ್ಕಿ ಇಟ್ಟವನು ನಾನು. ಚುಕ್ಕಿಯಿಲ್ಲದ ಟಿ ನನ್ನ ಕೈಗೆ ಗೊತ್ತೇ ಇಲ್ಲ. ಆದರೆ ನಾವು ಬರೆದದ್ದನ್ನು ಓದಿ ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರ್ ಎಂಬುದೊಂದಿದೆ. ರಸ್ಟ್‌ನ ಕಂಪೈಲರ್ ಬಲು ಶಿಸ್ತಿನದು. ಕೆಂಪು ಅಕ್ಷರದಲ್ಲಿ ತಕರಾರು ತೆಗೆಯಿತು. ಇಲ್ಲಿ ಅಲ್ಪವಿರಾಮ ಬರಬಹುದಿತ್ತು, ಎರಡು ಚುಕ್ಕಿಯ ಗುರುತು ಬರಬಹುದಿತ್ತು, ಬಂದದ್ದು ಒಂದು ಚುಕ್ಕಿ ಎಂದಿತು.

ಎರಡು ಚುಕ್ಕಿ ತಾನೆ? ಪಕ್ಕದಲ್ಲೇ ಇನ್ನೊಂದು ಇಟ್ಟೆ. ಅದು ಕೇಳಿದ್ದು ಒಂದರ ಮೇಲೊಂದು ಕೂರುವ ಚುಕ್ಕಿಗಳನ್ನು ಎಂದು ನನಗೆ ಹೇಗೆ ಗೊತ್ತಾಗಬೇಕು? ಕೆಂಪು ಇನ್ನೂ ಹೆಚ್ಚಾಯಿತು. ಮಧ್ಯಾಹ್ನದವರೆಗೂ "ಟಿ, ಟಿ" ಎಂದು ಗೊಣಗುತ್ತ ಕೂತೆ.

"ಅದ್ಯಾಕ್ ಸಾ ಬೆಳಗ್ಗಿಂದ ಅಂಗೇ ಕೂಗ್ತಾ ಇದ್ದೀರಿ?" ಎಂದು ಮಾದೇವಪ್ಪ ಗೋಡೆಯಾಚೆಯಿಂದ ಕೇಳಿದರು. "ನರಸೀಪುರದ ಬಸ್ಸು ಆಗ್ಲೇ ಓಯ್ತು. ಇನ್ನೊಂದು ಬತ್ತದೆ ಇರಿ."

ಅಷ್ಟರಲ್ಲಿ ಒಳಗಿಂದ ಅವ್ವ ನೀರು ಕೇಳಿದಳು. ಏಳುವ ಅವಸರದಲ್ಲಿ ನನ್ನ ಕೈ ತಗುಲಿ ಎರಡು ಚುಕ್ಕಿಗಳೂ ಅಳಿಸಿಹೋದವು. ನೀರು ಕೊಟ್ಟು ಬಂದು ನೋಡಿದರೆ ಆ ದೋಷ ಮಾಯವಾಗಿತ್ತು. ಅವ್ವನಿಗೆ ಮನಸ್ಸಿನಲ್ಲೇ ವಂದಿಸಿದೆ. ಈ ಮನೆಯಲ್ಲಿ ನನ್ನ ಯಾವ ವಿಜಯವೂ ನನ್ನ ಸ್ವಂತದ್ದಲ್ಲ.

ಆದರೆ ಹೊಸ ತಕರಾರು ಬಂದಿತ್ತು. ಯಾವುದು ದೊಡ್ಡದೆಂದು ನೋಡಲು ಒಂದನ್ನು ಇನ್ನೊಂದರ ಪಕ್ಕ ಇಟ್ಟಿದ್ದೆನಷ್ಟೆ? ಕಂಪೈಲರ್ ಗಂಭೀರವಾಗಿ ಹೇಳಿತು: ಟಿಯನ್ನು ಹೀಗೆ ಹೋಲಿಸಲಾಗದು.

ನಾನು ಲ್ಯಾಪ್‌ಟಾಪನ್ನು ಎತ್ತಿಕೊಂಡು ಅಡುಗೆಮನೆಗೆ ನಡೆದೆ. ರತ್ನ ನಂಜನಗೂಡಿನವಳು. ಯಾವ ಊರು ದೊಡ್ಡದೆಂಬ ವ್ಯಾಜ್ಯ ನಮ್ಮ ಮನೆಯಲ್ಲಿ ಮದುವೆಯ ಊಟದ ಪಂಕ್ತಿಯಿಂದ ನಡೆದುಬಂದಿದೆ.

"ನೋಡು. ಕಂಪ್ಯೂಟರೇ ಹೇಳ್ತಿದೆ, ಟಿಗೆ ಹೋಲಿಕೆಯೇ ಇಲ್ಲವಂತೆ."

"ಏನಿದೆ ನಿಮ್ಮೂರಲ್ಲಿ?"

"ಕಾವೇರಿ, ಕಪಿಲೆ ಎರಡೂ ಸೇರೋದು ಎಲ್ಲಿ?"

"ಕಪಿಲೆ ನಿಮ್ಮೂರಿಗೆ ಬರೋದು ನಮ್ಮೂರು ದಾಟ್ಕೊಂಡೇ ಕಣ್ರೀ. ನಾವು ಮಿಂದು ಬಿಟ್ಟಿದ್ರಲ್ಲಿ ನೀವು ಮೀಯೋದು."

ನಾನು ಲ್ಯಾಪ್‌ಟಾಪನ್ನು ಅವಳ ಮುಖದ ಹತ್ತಿರ ಹಿಡಿದೆ. ಆಗ ಅವಳು ತೆರೆಯ ಕಡೆ ಬಗ್ಗಿ ಕೇಳಿದಳು. "ಕೆಳಗಡೆ ಇನ್ನೂ ಏನೋ ಇದೆಯಲ್ಲ?"

ಆ ಕಂಪೈಲರಿನ ಒಂದು ದೊಡ್ಡ ಗುಣವನ್ನು ಹೇಳಲೇಬೇಕು. ಎಷ್ಟೇ ಬೈದರೂ ಕೊನೆಯಲ್ಲಿ 'ಸಹಾಯ' ಎಂದು ಬರೆದು, ಹೀಗೆ ಮಾಡಿ ನೋಡಿ ಎಂದು ದಾರಿ ತೋರಿಸುತ್ತದೆ. ನನಗೆ ಪಾಠ ಹೇಳಿದ ಮೇಷ್ಟರುಗಳು ಬೈಗುಳಕ್ಕೇ ನಿಲ್ಲಿಸುತ್ತಿದ್ದರು. ನಾನು ಓದಿ ಕನ್ನಡದಲ್ಲಿ ಹೇಳಿದೆ. "ಟಿಗೆ ಒಂದು ಮಿತಿ ಹಾಕಿ ಅಂತಿದೆ."

"ನಾನೂ ಅದನ್ನೇ ಹೇಳ್ತಿರೋದು. ಬೆಳಗ್ಗಿಂದ ಎಷ್ಟು ಲೋಟ ಆಯ್ತು?" ಎಂದು ರತ್ನ ಒಲೆಯ ಮೇಲಿದ್ದ ಟೀ ಪಾತ್ರೆಯನ್ನು ಇಳಿಸಿ ನನ್ನ ಕೈಗೆ ಮಜ್ಜಿಗೆ ಕೊಟ್ಟಳು.

ಮಜ್ಜಿಗೆ ಕುಡಿದು, ಕಂಪೈಲರ್ ಹೇಳಿದಂತೆಯೇ ಟಿಯ ಪಕ್ಕದಲ್ಲಿ ಷರತ್ತು ಬರೆದೆ: ದೊಡ್ಡದು ಚಿಕ್ಕದೆಂದು ಹೋಲಿಸಲು ಬರುವಂಥದ್ದು ಮಾತ್ರ ಒಳಗೆ ಬರತಕ್ಕದ್ದು. ಒತ್ತಿದೆ. ಕೆಂಪಿಲ್ಲ. ಗಿರಣಿಯ ತೂಕಗಳನ್ನು ಕೊಟ್ಟೆ. ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ ತೋರಿಸಿತು! ಆ ಕ್ಷಣದಲ್ಲಿ ನನಗೆ ಹೊಸೂರು ಭೂಪಟದಿಂದಲೇ ಅಳಿಸಿಹೋದಂತೆ ಅನ್ನಿಸಿತು.

ಉಳಿದದ್ದು ನಂಜನಗೂಡಿನ ಮಂಡಿ. ಟಿಯಲ್ಲಿ ಅದನ್ನು ಹಾಕುವುದು ಹೇಗೆ? ತಾಲ್ಲೂಕೇ ಬೇರೆ. ನಾನು ಮಾಡಿದ್ದನ್ನೆಲ್ಲ ನಕಲು ಮಾಡಿ, ಕೆಳಗೆ ಇಳಿಸಿ, ಫಂಕ್ಷನ್ನಿನ ಹೆಸರು ಬದಲಿಸಿ, ಟಿ ಇದ್ದಲ್ಲೆಲ್ಲ ಎನ್ ಎಂದು ತಿದ್ದಿದೆ. ಎನ್ ಎಂದರೆ ನಂಜನಗೂಡು. ಅದೂ ಕೆಲಸ ಮಾಡಿತು. ಎರಡು ಊರು, ಎರಡು ಫಂಕ್ಷನ್ನು. ಮೇಡಂ ಹೇಳಿದ್ದಂತೆ ಎರಡು ಕಡೆಗೂ ಒಂದೇ.

ಸೋಮವಾರ ಬೆಳಿಗ್ಗೆ ರತ್ನ ಅಂಗಡಿಗೆ ಹೋಗದೆ ನನ್ನ ಶರ್ಟಿಗೆ ಇಸ್ತ್ರಿ ಮಾಡಿದಳು. ಹಣೆಗೆ ವಿಭೂತಿ ಇಟ್ಟು, "ಕೇಳಿದ್ದಕ್ಕೆ ಮಾತ್ರ ಹೇಳಿ. ಪುರಾಣ ತೆಗೀಬೇಡಿ" ಎಂದಳು. ಸಂಜೆಯೊಳಗೆ ಹೊಸೂರಿಗೆ ಉತ್ತರ ಕೊಡಬೇಕಾದ ವಿಷಯವನ್ನು ಇಬ್ಬರೂ ಎತ್ತಲಿಲ್ಲ.

ಮೇಡಂ ನನ್ನ ಬರಹವನ್ನು ಮೇಲಿನಿಂದ ಕೆಳಗೆ ಓದಿದರು. ಕೆಳಗಿನಿಂದ ಮೇಲಕ್ಕೂ ಓದಿದರು.

"ಎರಡಿದೆಯಲ್ಲ ಸಾರ್?"

"ಹೌದು ಮೇಡಂ. ಎರಡೂ ಒಂದೇ."

"ಒಂದೇ ಇರ್ಬೇಕು ಅಂದಿದ್ನಲ್ಲ?"

"ಒಂದೇ ಇದೆ ಮೇಡಂ. ಬೇಕಾದ್ರೆ ಸಾಲು ಸಾಲು ಹೊಂದಿಸಿ ನೋಡಿ."

"ಒಂದೇ ಅಂದ್ರೆ, ಒಂದು."

"ಎರಡೂ ಒಂದೇ ಆದ್ಮೇಲೆ ಒಂದೇ ತಾನೆ ಮೇಡಂ?"

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಈ ಎನ್ ಅಂದ್ರೇನು?"

"ನಂಜನಗೂಡು."

"ಟಿ?"

"ಟಿ. ನರಸೀಪುರ." ಪ್ರಶ್ನೆಗಳು ಇಷ್ಟು ಸುಲಭವಾಗಿವೆಯಲ್ಲ ಎಂದು ನನಗೆ ಒಳಗೊಳಗೇ ಖುಷಿ.

ಮೇಡಂ ಎನ್ ಫಂಕ್ಷನ್ನನ್ನು ಪೂರ್ತಿ ಅಳಿಸಿದರು. ಮಂಡಿಯ ಗೊನೆಗಳ ಲೆಕ್ಕವನ್ನು ಟಿಯ ಬಾಯಿಗೆ ಕೊಟ್ಟರು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ.

"ಮೇಡಂ, ಅದು ಗಿರಣಿ. ಬಾಳೆಹಣ್ಣು ಹಾಕಿದ್ರೆ ಕೆಟ್ಟುಹೋಗುತ್ತೆ."

ಕೆಡಲಿಲ್ಲ. ದೊಡ್ಡ ಲೋಡು ಯಾವುದೆಂದು ಥಟ್ಟನೆ ತೋರಿಸಿತು. ಅವರು ಟಿ ಅಳಿಸಿ ಎಂ ಎಂದು ಬರೆದರು. "ಇದು ನಮ್ಮ ಮೂಗೂರು" ಎಂದು ಒತ್ತಿದರು. ಅದೂ ನಡೆಯಿತು.

"ಅದು ಊರಲ್ಲ ಸಾರ್. ಟೈಪ್, ಅಂದ್ರೆ ಬರೋ ಲೆಕ್ಕದ ಬಗೆ, ಅದಕ್ಕೆ ಟಿ ಅಂತ ಇಡ್ತಾರೆ ಅಷ್ಟೇ. ಏನಿಟ್ರೂ ನಡೆಯುತ್ತೆ. ಖಾಲಿ ಜಾಗ ಅದು. ಗೊನೆ ಬಂದ್ರೆ ಗೊನೆ ಕೂರುತ್ತೆ, ತೂಕ ಬಂದ್ರೆ ತೂಕ. ನೀವು ಹಾಕಿರೋ ಷರತ್ತು ಒಪ್ಪಿದವರು ಯಾರು ಬೇಕಾದ್ರೂ ಬರಬಹುದು. ಷರತ್ತು ಸರಿಯಾಗೇ ಹಾಕಿದ್ದೀರಿ. ಫಂಕ್ಷನ್ನೂ ಸರಿಯಾಗೇ ಇದೆ. ಎರಡು ಸಲ ಸರಿಯಾಗಿದೆ."

ನಾನು ಕೂತೆ. ಪಾಠ ಈಗ ಪೂರ್ತಿ ತಲೆಗೆ ಹೋಗಿತ್ತು. ಆದರೆ ಕಿವಿಯೊಳಗೆ ಹೊಸೂರಿನ ಲಾರಿ ಸ್ಟಾರ್ಟ್ ಆಗಿತ್ತು. ಅವ್ವ ಗೋಡೆ ಸವರುತ್ತ "ಮಗ ಬಂದ್ನಾ?" ಎಂದು ಕೇಳುವುದು ನೆನಪಾಯಿತು. ನಾಚಿಕೆಗಿಂತ ಭಯವೇ ಹೆಚ್ಚಾಗಿತ್ತು.

"ಊರು ಅಂತ ಹೇಗೆ ಅನ್ನಿಸ್ತು ನಿಮ್ಗೆ?" ಎಂದು ಮೇಡಂ ಮೃದುವಾಗಿ ಕೇಳಿದರು.

ಪುರಾಣ ತೆಗೆಯಬೇಡಿ ಎಂದು ರತ್ನ ಹೇಳಿದ್ದಳು. ಪೂರ್ತಿ ತೆಗೆದೆ. ಹೇಗಿದ್ದರೂ ಮುಳುಗಿದವನಿಗೆ ಚಳಿಯೇನು? ಹಾರಿಸಿದ ವಿವರಣೆ, ಚುಕ್ಕಿ, ಚುಕ್ಕಿಯ ಪಕ್ಕದ ಚುಕ್ಕಿ, ಹೋಲಿಕೆಯಿಲ್ಲದ ನಮ್ಮೂರು, ಮಜ್ಜಿಗೆ ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ. ಮೇಡಂ ಮೊದಲು ತುಟಿ ಕಚ್ಚಿಕೊಂಡರು. ಕಪಿಲೆಯಲ್ಲಿ ಮಿಂದ ಮಾತು ಬರುವ ಹೊತ್ತಿಗೆ ಮೇಜಿಗೆ ತಲೆಯಿಟ್ಟು ನಗುತ್ತಿದ್ದರು. ಆಮೇಲೆ ಕಣ್ಣೊರೆಸಿಕೊಂಡು ಕನ್ನಡಕ ಹಾಕಿಕೊಂಡರು.

"ಸಾರ್, ನಾವು ಎಷ್ಟೇ ನೋಡಿ ಕಳಿಸಿದ್ರೂ, ಗಿರಣಿಯವರು, ಮಂಡಿಯವರು ನಾವು ಕನಸಲ್ಲೂ ಎಣಿಸದ ತಪ್ಪು ಮಾಡಿ ಫೋನ್ ಮಾಡ್ತಾರೆ. ನಮಗೆ ಆ ಥರ ತಪ್ಪು ಮಾಡೋಕೇ ಬರಲ್ಲ. ನಮ್ಮ ಮಿಷನ್ ಹೊರಗೆ ಹೋಗೋ ಮುಂಚೆ ನೀವು ಮುಟ್ಟಬೇಕು. ನಿಮ್ಮ ಕೈಲಿ ಕೆಡದೇ ಇದ್ದದ್ದು ಎರಡು ತಾಲ್ಲೂಕಲ್ಲಿ ಯಾರ ಕೈಲೂ ಕೆಡಲ್ಲ. ನಾಳೆಯಿಂದ ಬರ್ತೀರಾ?"

ನಾನು ಎದ್ದು ಕೈಮುಗಿದೆ. ಮಗಳ ವಯಸ್ಸಿನವರಿಗೆ ಹಾಗೆ ಕೈಮುಗಿದದ್ದು ಅದೇ ಮೊದಲು. ನನ್ನನ್ನು ನೋಡಿ ನಕ್ಕವರು ಬೇಕಾದಷ್ಟು ಜನರಿದ್ದಾರೆ, ನಕ್ಕಾದ ಮೇಲೆ ಕೂರಿಸಿಕೊಂಡವರು ಇವರೊಬ್ಬರೇ.

ಮನೆಗೆ ಬಂದಾಗ ರತ್ನ ಬಾಗಿಲಲ್ಲೇ ನಿಂತಿದ್ದಳು. ಮುಖ ನೋಡಿಯೇ, "ಆಯ್ತಾ?" ಎಂದಳು.

"ಆಯ್ತು. ಹೊಸೂರಿಗೆ ಹೋಗೋದು ಬೇಡ."

ಅವಳು ಸೆರಗಿನಲ್ಲಿ ಮೂಗೊರೆಸಿಕೊಂಡು ಆ ಕಡೆ ತಿರುಗಿದಳು. ಆಮೇಲೆ "ಏನು ಕೆಲಸವಂತೆ?" ಎಂದು ಕೇಳಿದಳು.

ಪರೀಕ್ಷಕ ಎಂದು ಗತ್ತಿನಿಂದ ಹೇಳಬೇಕೆಂದಿದ್ದೆ. ಬಾಯಿ ತಪ್ಪಿ ನಿಜ ಬಂತು. "ಯಾರಾದ್ರೂ ಏನೇನು ತಪ್ಪು ಮಾಡಬಹುದೋ ಅದನ್ನೆಲ್ಲ ನಾನು ಮೊದಲೇ ಮಾಡಿ ತೋರಿಸ್ಬೇಕು."

ರತ್ನ ಒಳಕ್ಕೆ ಮುಖ ಮಾಡಿ ಕೂಗಿದಳು. "ಅತ್ತೇ, ಕೇಳಿಸ್ತಾ? ಮದುವೆ ಆದಾಗಿಂದ ಮನೇಲಿ ಬಿಟ್ಟಿ ಮಾಡ್ತಿದ್ರಲ್ಲ, ಅದಕ್ಕೆ ಇನ್ಮೇಲೆ ಸಂಬಳ ಕೊಡ್ತಾರಂತೆ."

ಅವ್ವ ಗೋಡೆ ಸವರುತ್ತ ನಡುಮನೆಗೆ ಬಂದು, ನನ್ನ ತಲೆ ಎಲ್ಲಿದೆಯೆಂದು ಹುಡುಕಿ ಕೈಯಿಟ್ಟಳು.

"ಯಾರ್ಲಾ ಮಗ ಆ ಪುಣ್ಯಾತ್ಮರು? ನೀನೇನು ಅಂತ ಗೊತ್ತಿದ್ದೂ ಕರುದ್ರಾ? ಅವ್ರ ಮಕ್ಳು ಮರಿ ತಣ್ಣಗಿರ್ಲಿ."