ಕಾರಿನ ಕೂಲಂಟೂ ಪವಾಯಿಯ ಸಂಬಂಧವೂ

ಎಲ್ಲ ಕೆಲಸವನ್ನೂ ತಾನೇ ಮಾಡಹೋಗುವವನ ಮನೆಯಲ್ಲಿ ನಗುವಿಗೆ ಬರಗಾಲವಿಲ್ಲ. ನಮ್ಮ ಮನೆಯಲ್ಲಿ ನಗುವ ಸರದಿ ಮಾತ್ರ ಯಾವಾಗಲೂ ಉಳಿದವರದ್ದು.

ನಾನು ಗ್ರಾಂಟ್ ರೋಡಿನ ಒಂದು ಉಡುಪಿ ಹೋಟೆಲಿನ ಮ್ಯಾನೇಜರ್. ವಾಸ ಆಂಟಾಪ್ ಹಿಲ್. ಕಳೆದ ಮೇ ತಿಂಗಳಲ್ಲಿ ಮಗಳಿಗೆ ಪವಾಯಿಯ ಒಂದು ಸಂಬಂಧ ಬಂತು. ಹುಡುಗ ಹುಡುಗಿ ಒಪ್ಪಿಯಾಗಿತ್ತು. ಬಾಕಿ ಇದ್ದದ್ದು ನನ್ನ ಅತ್ತೆಯ ಒಪ್ಪಿಗೆ. ಅವರು ಹುಡುಗನ ಮನೆ ನೋಡಿ ‘ಹೂಂ’ ಅನ್ನದೆ ನಮ್ಮಲ್ಲಿ ಮಾತು ಮುಂದೆ ಹೋಗುವುದಿಲ್ಲ. ಹಿಂದಿನ ಸಂಬಂಧವನ್ನು ಅವರು ಪಾಯಸದಲ್ಲಿ ಗೋಡಂಬಿ ಇಲ್ಲವೆಂಬ ಕಾರಣಕ್ಕೆ ಬಿಟ್ಟವರು. ಈ ಸಲವೂ ಹಾಗಾದರೆ ಎಂಬ ಹೆದರಿಕೆಯಲ್ಲಿ ಮಗಳು ಆ ವಾರವಿಡೀ ಸರಿಯಾಗಿ ಊಟ ಮಾಡಿರಲಿಲ್ಲ.

ಭಾನುವಾರ ಮಧ್ಯಾಹ್ನ ಎಲ್ಲರೂ ನನ್ನ ಕಾರಿನಲ್ಲೇ ಹೋಗುವುದೆಂದಾಯಿತು. ಗ್ಯಾರೇಜಿನವನು ಕೂಲಂಟ್ ಬದಲಾಯಿಸಬೇಕು ಎಂದಿದ್ದ. ಎಂಜಿನನ್ನು ತಂಪಾಗಿಡುವ ಹಸಿರು ನೀರು, ಅಷ್ಟೇ ತಾನೆ? ಬೆಳಿಗ್ಗೆ ನಾನೇ ಕೆಳಗಿಳಿದೆ.

ತಪ್ಪಲೆ

ಹಳೇ ಕೂಲಂಟ್ ಹಿಡಿಯಲು ರೇಡಿಯೇಟರಿನ ಕೆಳಗೆ ಅಗಲವಾದ ಪಾತ್ರೆ ಬೇಕಿತ್ತು. ಅಡುಗೆಮನೆಯಲ್ಲಿ ಕೈಗೆ ಸಿಕ್ಕಿದ್ದನ್ನು ತಂದೆ. ಪಾತ್ರೆ ಅರ್ಧ ತುಂಬುವಷ್ಟರಲ್ಲಿ ಹೆಂಡತಿ ಗ್ಯಾಲರಿಯಿಂದ ಬಗ್ಗಿ ನೋಡಿದಳು.

“ರೀ, ಅದು ನನ್ನ ಪಾಯಸದ ತಪ್ಪಲೆ ಅಲ್ವಾ?”

“ಚೆನ್ನಾಗಿ ತೊಳೆದು ಕೊಡ್ತೇನೆ ಮಾರಾಯ್ತಿ.”

“ಆ ಹಸಿರು ನೀರು ವಿಷ ಅಂತ ನೀವೇ ಹೇಳಿದ್ದಲ್ವಾ? ತಪ್ಪಲೆ ಇನ್ನು ಮನೆಯೊಳಗೆ ಬರುವುದು ಬೇಡ. ನೀವು ಬರುವ ವಿಷಯ ಆಮೇಲೆ ನೋಡುವ.”

ನೀರು

ಹಳತನ್ನೆಲ್ಲ ಒಂದು ಕ್ಯಾನಿಗೆ ತುಂಬಿ ಮುಚ್ಚಳ ಬಿಗಿದು, ಹೊಸ ಕೂಲಂಟಿನ ಡಬ್ಬಿ ತೆಗೆದೆ. ‘ಹಾಗೆಯೇ ಸುರಿಯಿರಿ, ನೀರು ಬೆರೆಸಬೇಡಿ’ ಎಂದು ಬರೆದಿತ್ತು. ಆದರೆ ನನ್ನದು ಹೋಟೆಲಿನ ಕೈ. ಗಿರಾಕಿ ಹೆಚ್ಚಾದಾಗ ಸಾಂಬಾರಿಗೆ ಬಿಸಿನೀರು ಸೇರಿಸಿ ಪಳಗಿದ ಕೈಗೆ, ಯಾವುದನ್ನೂ ಹಾಗೆಯೇ ಸುರಿಯುವುದೆಂದರೆ ದುಂದುಗಾರಿಕೆ. ಒಂದು ಬಾಟಲಿ ನೀರು ಬೆರೆಸಿಬಿಟ್ಟೆ.

ಪಕ್ಕದ ಬಿಲ್ಡಿಂಗಿನ ಟೈಲರ್, ವಿಜಯಪುರದ ಕಡೆಯ ಸಾಹೇಬರು, ನೋಡುತ್ತ ನಿಂತಿದ್ದರು.

“ಅಣ್ಣಾರ, ನೀರ್ ಹಾಕಬ್ಯಾಡ್ರಿ ಅಂತ ಡಬ್ಬಿ ಮ್ಯಾಲೆ ಬರದೈತಲ್ರೀ?”

“ಸ್ವಲ್ಪ ಹಾಕಿದ್ರೆ ಎಂತ ಆಗೂದಿಲ್ಲ ಸಾಹೇಬ್ರೇ. ನಾವು ಸಾಂಬಾರಿಗೂ ಹಾಕ್ತೇವೆ.”

“ಗೊತ್ತೈತ್ರಿ. ಅದಕ್ಕ ನಾ ನಿಮ್ಮ ಹೋಟೆಲ್‌ನ್ಯಾಗ ಚಟ್ನಿ ಅಷ್ಟ ತಿಂತೀನಿ.”

ಹೀಟರ್

ಕೂಲಂಟ್ ತುಂಬಿದ ಮೇಲೆ ಹೀಟರ್ ಹಾಕಿ ಎಂಜಿನ್ ಓಡಿಸಬೇಕು, ಒಳಗೆ ಸಿಕ್ಕಿಬಿದ್ದ ಗಾಳಿ ಹೊರಬರುತ್ತದೆ ಎಂದು ಮೊಬೈಲಿನ ವಿಡಿಯೋದಲ್ಲಿ ಹೇಳಿದ್ದರು. ಮುಂಬಯಿಯಲ್ಲಿ, ಅದೂ ಮೇ ತಿಂಗಳಲ್ಲಿ, ಹೀಟರ್! ನಗು ಬಂತು. ಆ ಭಾಗ ಬಿಟ್ಟು ಸ್ನಾನಕ್ಕೆ ಹೋದೆ.

ಮಧ್ಯಾಹ್ನ ಅತ್ತೆ ರೇಷ್ಮೆ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತರು. ಘಾಟ್ಕೋಪರ್ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ಒಳಗೆ ಉಳಿದಿದ್ದ ಗಾಳಿ ಆಗ ತನ್ನ ಕೆಲಸ ತೋರಿಸಿತು. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ಇವತ್ತು ಹೋಗದಿದ್ದರೆ ಅತ್ತೆ ಅದನ್ನೇ ಅಪಶಕುನ ಅನ್ನುವವರು.

ಹಿಂದಿನ ಸೀಟಿನಲ್ಲಿ ಮಗಳು ಮೊಬೈಲಿನಲ್ಲಿ ಹುಡುಕಿದಳು. “ಪಪ್ಪಾ, ಎಸಿ ಬಂದ್ ಕರೋ. ಹೀಟರ್ ಫುಲ್ ಆನ್ ಮಾಡ್ಬೇಕಂತೆ. ಎಂಜಿನ್ ಕೀ ಗರ್ಮಿ ಒಳಗೆ ಬರ್ತದೆ.”

ಹಾಕಿದೆ. ಮುಳ್ಳು ಇಳಿಯಿತು. ಅತ್ತೆಯ ಕುಂಕುಮವೂ ಇಳಿಯಿತು.

“ಅಳಿಯಂದಿರೇ, ಇದು ಎಂತದು?”

“ಸ್ವಲ್ಪ ಸುಧಾರಿಸಿಕೊಳ್ಳಿ ಅತ್ತೆ, ಎಂಜಿನ್ನಿಗೆ ಸೆಕೆ ಆಗ್ತಾ ಉಂಟು.”

“ಹಾಗಾದ್ರೆ ಅದನ್ನು ಇಲ್ಲಿ ಕೂರಿಸಿ. ನಾನು ಬಾನೆಟ್ಟಿನ ಒಳಗೆ ಕೂತ್ಕೊಳ್ತೇನೆ.”

ಹೂಂ

ಪವಾಯಿ ತಲುಪುವಾಗ ನಾವೆಲ್ಲ ಹಬೆಯಲ್ಲಿ ಬೆಂದ ಇಡ್ಲಿಯಂತಾಗಿದ್ದೆವು. ಅತ್ತೆಯ ಮುಡಿಯ ಮಲ್ಲಿಗೆ ಬಾಡಿಹೋಗಿತ್ತು. ಈ ಸಂಬಂಧ ನನ್ನ ಕೈಯಿಂದಲೇ ಕೆಟ್ಟಿತೆಂದು ನನಗೆ ಅಳುವೇ ಬರುವಂತಾಯಿತು. ಮಗಳ ಮುಖ ನೋಡುವ ಧೈರ್ಯವಾಗಲಿಲ್ಲ.

ಹುಡುಗನ ತಾಯಿ ಬಾಗಿಲು ತೆಗೆದರು. ಒಳಗೆ ಎಸಿಯ ತಂಪು. ಅತ್ತೆ ಯಾರನ್ನೂ ಮಾತಾಡಿಸದೆ ಎಸಿಯ ಕೆಳಗಿನ ಸೋಫಾದಲ್ಲಿ ಕೂತು ಕಣ್ಣು ಮುಚ್ಚಿದರು. ಪಾಯಸ ಬಂತು. ಇಣುಕಿ ನೋಡಿದೆ, ಗೋಡಂಬಿ ಇರಲಿಲ್ಲ. ಹೆಂಡತಿ ನನ್ನನ್ನು ನೋಡಿದಳು, ನಾನು ನೆಲ ನೋಡಿದೆ.

ಅತ್ತೆ ಪಾಯಸ ಮುಗಿಸಿ, ಬಟ್ಟಲು ಕೆಳಗಿಟ್ಟು, ಹುಡುಗನನ್ನು ಎದುರಿಗೆ ಕರೆದರು.

“ನೀನು ಇಂಜಿನಿಯರಂತಲ್ಲ. ಕಾರು ರಿಪೇರಿ ಬರ್ತದಾ?”

ಹುಡುಗ ಬೆವರಿದ. ಮುಂಬಯಿಯಲ್ಲೇ ಹುಟ್ಟಿ ಬೆಳೆದವನು, ಕನ್ನಡ ಹುಡುಕಿ ಹುಡುಕಿ ಮಾತಾಡುತ್ತಿದ್ದ. “ಸಾರಿ ಅಜ್ಜಿ. ನಾನು ಕಂಪ್ಯೂಟರ್ ಇಂಜಿನಿಯರ್. ಕಾರಿನ ಬಾನೆಟ್... ಆಜ್ ತಕ್ ತೆರೆದದ್ದೇ ಇಲ್ಲ.”

“ಮುಂದೆ ಕಲಿಯುವ ಆಸೆ ಉಂಟಾ?”

“ಇಲ್ಲ ಅಜ್ಜಿ.”

ಅತ್ತೆ ನನ್ನ ಕಡೆ ಒಮ್ಮೆ ನೋಡಿ, ಮಗಳ ಕೈಹಿಡಿದು ಹತ್ತಿರ ಕೂರಿಸಿಕೊಂಡು ಹೇಳಿದರು:

“ಹೂಂ. ಇವನೇ ಆಗ್ಬಹುದು. ನಮ್ಮ ಹುಡುಗಿ ಸುಖವಾಗಿರ್ತಾಳೆ.”