ಕುದುರೆ ದಂಡಿನ ಬಿಲ್ಲೆ

ನಾನು ಹುಟ್ಟಾ ಪುಕ್ಕಲ, ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ಹಾವು, ಹಲ್ಲಿನ ಡಾಕ್ಟರು, ಹೆಂಡತಿಯ ಮೌನ, ಎಲ್ಲದಕ್ಕೂ ಹೆದರುತ್ತೇನೆ. ಆದರೆ ನನಗೆ ಸಲ್ಲದ ಬಟ್ಟೆ ತೊಟ್ಟಾಗ ಹುಟ್ಟಿದ ಹೆದರಿಕೆಯ ಮುಂದೆ ಇವೆಲ್ಲ ಏನೇನೂ ಅಲ್ಲ.

ಕುಡಚಿಯಲ್ಲಿ ನನ್ನ ಹೆಂಡತಿಯ ಅಣ್ಣನದೊಂದು ಬ್ಯಾಂಡ್ ಕಂಪನಿ ಇತ್ತು. ಊದುವವರು ಕಡಿಮೆ ಬಿದ್ದರೆ, ವಾದ್ಯ ಹಿಡಿದು ಸುಮ್ಮನೆ ನಿಲ್ಲುವವರನ್ನು ಸಾಲಿಗೆ ಸೇರಿಸುವುದು ಅವರ ರೂಢಿ. ಒಮ್ಮೆ ಅಥಣಿಯ ಮದುವೆಗೆ ಗುಮಾಸ್ತನಾದ ನನ್ನನ್ನೇ ಎಳೆದುಕೊಂಡು ಹೋದರು. "ಗಲ್ಲ ಉಬ್ಬಿಸಿ ನಿಂದ್ರು ತಮ್ಮಾ, ಅಷ್ಟ ಸಾಕು. ಸಿಕ್ಕಿಬಿದ್ದಿ ಅಂದ್ರ ನಾಳಿಂದ ನಮ್ಮನ್ನ ಯಾರೂ ಕರ್ಯಾಂಗಿಲ್ಲ," ಎಂದರು ಭಾವ. ಮಿರಜದ ಹಳೆ ಬಟ್ಟೆ ಅಂಗಡಿಯಿಂದ ತಂದ ಮಿಲಿಟರಿ ನಮೂನೆಯ ಕೆಂಪು ಕೋಟು. ಮಿಂಚುವುದೆಲ್ಲ ಚೆಂದ ಎಂಬುದು ಭಾವನ ನಂಬಿಕೆ. ತೋಳಿಗೆ ಎರಡು ತುತ್ತೂರಿಗಳನ್ನು ಅಡ್ಡಡ್ಡ ಇಟ್ಟ ಬಿಲ್ಲೆ, ಹೆಗಲಿಗೆ ಸೈನ್ಯದ ಆಫೀಸರುಗಳಂತೆ ಮೂರು ಮೂರು ನಕ್ಷತ್ರ ಹೊಲಿಸಿದ್ದರು. ಕನ್ನಡಿಯಲ್ಲಿ ಚೆನ್ನಾಗಿಯೇ ಕಾಣುತ್ತಿದ್ದೆ ಅನ್ನಿ.

ಮದುಮಗಳ ಅಜ್ಜ ಸೈನ್ಯದ ಕುದುರೆ ದಂಡಿನಲ್ಲಿ ತುತ್ತೂರಿ ಊದಿ ನಿವೃತ್ತರಾದವರು ಎಂದು ತಿಳಿದದ್ದು ಮೆರವಣಿಗೆ ಹೊರಟ ಮೇಲೆ. ಬಿಳಿ ಮೀಸೆಯ ಆ ಮುದುಕರು ನಮ್ಮ ಸಾಲಿನ ಒಬ್ಬೊಬ್ಬರ ತೋಳನ್ನೂ ನೋಡುತ್ತ ಬಂದರು. ನಾನು ಕೈಯಲ್ಲಿದ್ದ ತುತ್ತೂರಿಯನ್ನು ಬಿಲ್ಲೆಗೆ ಅಡ್ಡ ಹಿಡಿದೆ. ಅವರು ನನ್ನೆದುರೇ ನಿಂತರು.

"ಈ ಬಿಲ್ಲಾ ಸಿಗಾಕ ನಾ ಮೂರು ವರ್ಷ ತುಟಿ ಒಡಕೊಂಡೇನಿ. ನೀವು ಒಂದೀಟು ಊದ್ರಿ, ಕೇಳೂಣು."

ಉಳಿದವರ ವಾದ್ಯ ನಿಂತಿತು. ಯಾರೋ ಮೊಬೈಲು ಎತ್ತಿ ಹಿಡಿದರು. ನಾನು ಗಲ್ಲ ಉಬ್ಬಿಸಿದೆ. ಬರೀ ಗಾಳಿ ಬಂತು. ಭಾವನ ಮುಖ ನೋಡಲು ಧೈರ್ಯವಾಗಲಿಲ್ಲ. "ನನಗ ಊದಾಕ ಬರೂದಿಲ್ರಿ ಅಜ್ಜಾರ," ಎಂದುಬಿಟ್ಟೆ. ಪ್ರಾಮಾಣಿಕತೆಯಿಂದಲ್ಲ, ಸುಳ್ಳು ತೋಚಲಿಲ್ಲ.

ಮುದುಕರು ಜೇಬಿನಿಂದ ಚಾಕು ತೆಗೆದರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಅವರು ಬಿಲ್ಲೆಯ ಹೊಲಿಗೆಯನ್ನಷ್ಟೇ ನಿಧಾನವಾಗಿ ಬಿಚ್ಚಿ, ಬಿಲ್ಲೆಯನ್ನು ತಮ್ಮ ಜೇಬಿಗಿಟ್ಟುಕೊಂಡರು. ನಾನು ಹೆಗಲು ಬಗ್ಗಿಸಿ, "ಈ ಸ್ಟಾರೂ ಕಿತ್ತುಬಿಡ್ರಿ ಅಜ್ಜಾರ," ಎಂದೆ.

"ಅವು ಇರ್ಲಿ ಬಿಡ್ರಿ," ಎಂದರು. "ನಮ್ಮ ದಂಡಿನ್ಯಾಗೂ ಊದಾಕ ಬರದವರಿಗೇ ಅವನ್ನ ಕೊಡ್ತಿದ್ರು." ಆಮೇಲೆ ಭಾವನತ್ತ ತಿರುಗಿ, "ಬಾರಸ್ರಿ, ಅಕ್ಷತಾಕ ಹೊತ್ತಾತು," ಎಂದರು.

ಜನ ನಕ್ಕರು, ಬ್ಯಾಂಡು ಶುರುವಾಯಿತು, ಭಾವನ ಕಂಪನಿಯ ಮರ್ಯಾದೆ ಹೇಗೋ ಉಳಿಯಿತು. ನನಗೆ ಅವಮಾನವಾಗಬೇಕಿತ್ತು. ನಿಜ ಹೇಳಲೇ? ತುತ್ತೂರಿಯನ್ನು ಹಿಂದಿದ್ದವನ ಕೈಗೆ ಕೊಟ್ಟು, ಸಾಲು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದು, ನಕ್ಷತ್ರದ ಹೆಗಲು ಸೆಟೆಸಿ ಕೈ ಬೀಸುತ್ತ ನಡೆಯತೊಡಗಿದೆ.