ಮಾವನವರ ಕೊಕ್ಕಿನ ಹೆಲ್ಮೆಟ್

ನಮ್ಮ ಮಾವನವರಿಗೆ ತಲೆ ಇದೆಯೆಂಬ ಬಗ್ಗೆ ಮನೆಯಲ್ಲಿ ಯಾರಿಗೂ ಅನುಮಾನವಿಲ್ಲ. ಅನುಮಾನ ಇದ್ದದ್ದು ಆ ತಲೆಗೆ ಯಾವ ಹೆಲ್ಮೆಟ್ ಹಾಕಬೇಕೆಂಬ ಬಗ್ಗೆ ಮಾತ್ರ. ಅಷ್ಟಕ್ಕೆ ಇಡೀ ಒಂದು ಬೇಸಿಗೆ ಮನೆಮಂದಿಯ ತಲೆಯನ್ನೆಲ್ಲ ತಿನ್ನಬೇಕಿತ್ತೇ? ನೀವೇ ಹೇಳಿ.

ಮಾವನವರು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. ನಿವೃತ್ತರಾದವರು ಮಲ್ಲೇಶ್ವರದಲ್ಲಿ ಸಾಮಾನ್ಯವಾಗಿ ಏನು ಮಾಡುತ್ತಾರೆ? ಬೆಳಿಗ್ಗೆ ಸ್ಯಾಂಕಿ ಕೆರೆಯ ದಂಡೆಯಲ್ಲಿ ನಡೆಯುತ್ತಾರೆ, ಸಂಜೆ ಸಂಗೀತ ಕಚೇರಿಯ ಮುಂದಿನ ಸಾಲಿನಲ್ಲಿ ಕೂತು ನಿದ್ದೆ ಮಾಡುತ್ತಾರೆ. ಇವರು ಮೋಟಾರ್ ಸೈಕಲ್ ಕೊಂಡರು. ಹಾಲು ತರಕಾರಿ ತರುವಂಥದ್ದಲ್ಲ. ಊರೂರು ಸುತ್ತುವವರು ಓಡಿಸುವ, ಹತ್ತಿ ಕೂರಲು ನನಗೆ ಮನೆಯ ಮೆಟ್ಟಿಲ ಆಸರೆ ಬೇಕಾಗುವಷ್ಟು ಎತ್ತರದ್ದು. ಅದರಲ್ಲೇ ಚಿತ್ರದುರ್ಗದ ಕೋಟೆಗೆ ಹೋಗಿಬರುವುದೆಂದು ತೀರ್ಮಾನವನ್ನೂ ಮಾಡಿಬಿಟ್ಟರು.

ಅತ್ತೆ ಒಂದೇ ಮಾತು ಹೇಳಿದರು. “ಒಬ್ಬರೇ ಹೋಗೋ ಹಾಗಿಲ್ಲ.”

“ಹಾಗಾದ್ರೆ ನೀನೂ ಬಾ.”

“ನನ್ನ ಮಂಡೀನ ಕೇಳಿ ಹೇಳ್ತೀನಿ,” ಎಂದ ಅತ್ತೆ ನನ್ನ ಗಂಡನ ಕಡೆ ನೋಡಿದರು. ಅವನು ತಕ್ಷಣ ಸೊಂಟ ಹಿಡಿದುಕೊಂಡ. ಆ ಮನುಷ್ಯನಿಗೆ ಸೊಂಟನೋವಿರುವುದು ಅಂದಿನವರೆಗೆ ಅವನ ಹೆಂಡತಿಯಾದ ನನಗೇ ಗೊತ್ತಿರಲಿಲ್ಲ. “ಅವಳು ದಿನಾ ಚಾಮರಾಜಪೇಟೆವರೆಗೂ ಸ್ಕೂಟರಲ್ಲಿ ಆಫೀಸಿಗೆ ಹೋಗ್ತಾಳಲ್ಲ, ಅವಳಿಗೇನು ಭಯ,” ಎಂದು ತಾಯಿ ಮಗ ಸೇರಿ ನನ್ನನ್ನು ಹಿಂದಿನ ಸೀಟಿಗೆ ನೇಮಕ ಮಾಡಿದರು. ಅರ್ಜಿ ಹಾಕದೆಯೇ ಸಿಕ್ಕ ಕೆಲಸ.

ಹೀಗಾಗಿ ಹೆಲ್ಮೆಟ್ ಅಂಗಡಿಗೂ ನಾನೇ ಹೋಗಬೇಕಾಯಿತು. ಜೆ.ಸಿ. ರಸ್ತೆಯ ಆ ಅಂಗಡಿಯಲ್ಲಿ ಮಾವನವರ ಕಣ್ಣಿಗೆ ಬಿದ್ದದ್ದು ಹಣೆಯ ಮೇಲೆ ಕೊಕ್ಕಿನಂತೆ ಮುಂದಕ್ಕೆ ಚಾಚಿಕೊಂಡ, ಗುಡ್ಡಗಾಡಿನಲ್ಲಿ ಗಾಡಿ ಹಾರಿಸುವ ಹುಡುಗರು ಹಾಕುವ ಹೆಲ್ಮೆಟ್. ಅಂಗಡಿಯವರು ಒಳ್ಳೆಯವರು. ವ್ಯಾಪಾರ ಕೆಟ್ಟರೂ ಸರಿ ಎಂದು ನಿಜ ಹೇಳಿದರು.

“ಇದು ಮಣ್ಣು ರಸ್ತೆಗೆ ಸಾರ್. ನೀವು ಹೈವೇಲಿ ಹೋಗೋರು, ಕೊಕ್ಕು ಗಾಳಿ ಹಿಡ್ಕೊಳ್ಳುತ್ತೆ. ಸುಮ್ನೆ ಗುಂಡಗಿರೋ ಈ ಫುಲ್ ಫೇಸ್ ತಗೊಳ್ಳಿ.”

“ನಮ್ಮ ಮಲ್ಲೇಶ್ವರದ ಕ್ರಾಸ್‌ಗಳನ್ನ ಅಗೆದು ಹಾಕಿದಾರೆ, ಬಂದು ನೋಡಿದೀರಾ? ಅದಕ್ಕಿಂತ ಮಣ್ಣು ರಸ್ತೆ ಬೇಕಾ ನಿಮಗೆ?”

ಫುಲ್ ಫೇಸ್ ಹಾಕಿ ನೋಡಿದರು. ಕನ್ನಡಕ ಮೂಗಿನಿಂದ ಹಣೆಗೆ ಹತ್ತಿತು. ಕೊಕ್ಕಿನದನ್ನು ಹಾಕಿದರು. ಅದರ ಕಿಟಕಿ ಅಗಲವಾಗಿದ್ದುದರಿಂದ ಕನ್ನಡಕ ಸಲೀಸಾಗಿ ಕೂತಿತು. ಸರಿ, ಮುಗಿಯಿತು ಎಂದುಕೊಂಡು ನಾನು ಚೀಲ ಹೆಗಲಿಗೇರಿಸಿದೆ. ಎಲ್ಲಿ ಮುಗಿಯುತ್ತದೆ? “ಪ್ರಯೋಗ ಮಾಡದೆ ತೀರ್ಮಾನ ಮಾಡಬಾರದಮ್ಮ,” ಎಂದು ಕೊಕ್ಕಿನದನ್ನು ಮನೆಗೆ ತಂದರು. ಅದರ ಎದುರಾಳಿಯಾಗಿ ನಿಂತದ್ದು ನಾನು ದಿನಾ ಹಾಕುವ ಫುಲ್ ಫೇಸ್. ನನ್ನನ್ನು ಒಂದು ಮಾತು ಕೇಳಿದರೇ? ಇಲ್ಲ.

ಪ್ರಯೋಗವೆಂದರೆ ಹೀಗೆ. ನಡುಮನೆಯಲ್ಲಿ ಸ್ಟೂಲಿನ ಮೇಲೆ, ಪಂಚೆ ಬನಿಯನ್ನಿನಲ್ಲಿ, ಹೆಲ್ಮೆಟ್ ಧರಿಸಿ ಮಾವನವರು. ಎದುರಿಗೆ ಪೂರ್ತಿ ವೇಗದಲ್ಲಿ ಸ್ಟ್ಯಾಂಡ್ ಫ್ಯಾನ್. ಅದನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸುವ ಕೆಲಸ ನನ್ನದು. ಭಾನುವಾರ ಜನ ಬಿಸಿಬೇಳೆಬಾತ್ ತಿಂದು ಮಲಗುತ್ತಾರೆ. ನಾನು ನಮ್ಮ ಮಾವನವರಿಗೆ ಗಾಳಿ ಹಾಕುತ್ತಿದ್ದೆ. ಗ್ಯಾಸ್ ಸಿಲಿಂಡರ್ ತಂದವನು ಬಾಗಿಲಲ್ಲಿ ನಿಂತು ಒಳಗೆ ನೋಡಿ, “ಆಮೇಲೆ ಬರ್ಲಾ ಮೇಡಂ?” ಎಂದ.

ಅಡುಗೆಮನೆಯಿಂದ ಅತ್ತೆ ಕೇಳಿದರು, “ಏನಂತೆ, ದುರ್ಗ ಬಂತಂತಾ?”

ವಾರಗಟ್ಟಲೆ ಪ್ರಯೋಗ ನಡೆಯಿತು. ಮಾವನವರ ತಲೆ ದೊಡ್ಡದು. ನನ್ನ ಹೆಲ್ಮೆಟ್ಟಿನ ಒಳಗಿನ ಮೆತ್ತೆ ಅಗಲವಾಗಿ, ನಾನು ಕತ್ತು ತಿರುಗಿಸಿದರೆ ಹೆಲ್ಮೆಟ್ ಸ್ವಲ್ಪ ಹೊತ್ತು ಬಿಟ್ಟು ತಿರುಗತೊಡಗಿತು. ಅದನ್ನು ಹೇಳಿದರೆ, “ಒಳಗೆ ಗಾಳಿ ಆಡುತ್ತೆ ಬಿಡು,” ಎಂದರು. ಹೇಗೆ ಸಹಿಸುವುದು ಇಂಥವರನ್ನು?

ಕೊನೆಗೆ ತೀರ್ಪು ಬಂತು. ಅವರಿಗೆ ಕೊಕ್ಕಿನದು. ಬಿಸಿಲಿಗೆ ಅದು ಮಾಡಿನ ಹಾಗೆ ಕಣ್ಣಿಗೆ ನೆರಳು ಕೊಡುತ್ತದಂತೆ. ಅದೇ ಸಂಜೆ ಜೆ.ಸಿ. ರಸ್ತೆಗೆ ಒಬ್ಬರೇ ಹೋಗಿ ನನಗೊಂದು ಹೊಸ ಫುಲ್ ಫೇಸ್ ತಂದರು. ಅಂಗಡಿಯಲ್ಲಿದ್ದ ಎಲ್ಲಕ್ಕಿಂತ ಗಟ್ಟಿಯಾದದ್ದಂತೆ.

“ಅಷ್ಟು ಒಳ್ಳೇದಾದ್ರೆ ನೀವೂ ಅದನ್ನೇ ತಗೋಬೇಕಿತ್ತು ಮಾವ. ನನಗ್ಯಾಕೆ ಬೇರೆ?”

“ನಿನಗೆ ಕೊಕ್ಕು ಬೇಕಿಲ್ಲಮ್ಮ. ಮೊದಲೇ ಇದೆ.”

ಅತ್ತೆ ನಕ್ಕರು. ಸೊಂಟನೋವಿನವನೂ ನಕ್ಕ. ಆ ರಾತ್ರಿ ಸೊಂಟನೋವಿನವನಿಗೆ ನಾನು ಎರಡನೇ ಸಲ ಸಾರು ಬಡಿಸಲಿಲ್ಲ.

ಹೊರಟ ದಿನ ಯಶವಂತಪುರ ದಾಟುವವರೆಗೆ ಎಲ್ಲ ಚೆನ್ನಾಗಿತ್ತು. ನೆಲಮಂಗಲದ ಆಚೆ ರಸ್ತೆ ತೆರವಾಗಿ ಮಾವನವರು ವೇಗ ಹೆಚ್ಚಿಸಿದರು. ಅಂಗಡಿಯವರು ಹೇಳಿದ್ದೇ ಆಯಿತು. ಕೊಕ್ಕಿನ ಅಡಿಗೆ ಗಾಳಿ ನುಗ್ಗಿ, ಯಾರೋ ಹಿಂದಿನಿಂದ ಜುಟ್ಟು ಹಿಡಿದು ಎಳೆದಂತೆ ಅವರ ತಲೆ ಮೇಲೇಳುತ್ತಿತ್ತು. ಪಕ್ಕದಲ್ಲಿ ಲಾರಿ ಹೋದರೆ ಕೊಕ್ಕು ಲಾರಿಯ ಕಡೆ ತಿರುಗುತ್ತಿತ್ತು. ಫ್ಯಾನು ಇದನ್ನು ಹೇಳಿರಲಿಲ್ಲವೇ ಎಂದು ಕೇಳಬೇಕೆನಿಸಿತು. ಕೇಳಿದರೂ ಗಾಳಿಯ ಸದ್ದಿಗೆ ಕೇಳಿಸುತ್ತಿರಲಿಲ್ಲ.

ದಾಬಸ್‌ಪೇಟೆಯಲ್ಲಿ ಕಾಫಿಗೆ ನಿಲ್ಲಿಸಿದೆವು. ಮಾವನವರು ನನ್ನ ಕಡೆ ನೋಡಲು ಇಡೀ ದೇಹವನ್ನೇ ತಿರುಗಿಸಿದರು.

“ಕತ್ತು ನೋವಾ ಮಾವ?”

“ಇಲ್ಲಮ್ಮ. ನೋಡ್ಬೇಕಾದ್ದೆಲ್ಲ ಮುಂದುಗಡೆನೇ ಇದೆ.”

ಹೆದ್ದಾರಿಯ ಗಾಳಿ ತಪ್ಪಿಸಿಕೊಳ್ಳಲೋ ಏನೋ, ಶಿವಗಂಗೆ ಬೆಟ್ಟವನ್ನು ಹತ್ತಿರದಿಂದ ನೋಡಿ ಮುಂದೆ ಹೋಗೋಣ ಎಂದು ಒಳರಸ್ತೆಗೆ ತಿರುಗಿಸಿದರು. ಅಲ್ಲೊಂದು ಕಡೆ ದುರಸ್ತಿಗೆಂದು ಜಲ್ಲಿ ಹರಡಿದ್ದರು. ನಾವು ನಿಧಾನವಾಗಿಯೇ ಹೋಗುತ್ತಿದ್ದೆವು. ಮುಂದಿನ ಚಕ್ರ ಜಲ್ಲಿಯ ಮೇಲೆ ಜಾರಿತು. ಗಾಡಿ ಒಂದು ಕಡೆ, ಮಾವನವರು ಒಂದು ಕಡೆ, ನಾನು ಬೋರಲಾಗಿ ರಸ್ತೆಯ ಅಂಚಿನಲ್ಲಿ.

ಏನಾಯಿತೆಂದು ತಿಳಿಯುವ ಮೊದಲೇ ಜಲ್ಲಿಯ ಮೇಲೆ ಮಂಡಿಯಲ್ಲೇ ತೆವಳಿಕೊಂಡು ಮಾವನವರು ನನ್ನ ಹತ್ತಿರ ಬಂದರು. ಅವರ ಹೆಲ್ಮೆಟ್ಟಿನ ಕೊಕ್ಕು ಮುರಿದು ಒಂದು ಬದಿಗೆ ಜೋತುಬಿದ್ದಿತ್ತು. ನನ್ನನ್ನು ಎಬ್ಬಿಸಿ ಕೂರಿಸಿದರು. ಹೆಲ್ಮೆಟ್ಟಿನ ಗಾಜು ಮೇಲೆತ್ತಲು ಹೋದರು. ಎತ್ತುವ ಬದಲು ಮತ್ತೆ ಕೆಳಕ್ಕೇ ಒತ್ತಿದರು. ನಾನೇ ಎತ್ತಿದೆ.

“ಎಲ್ಲಾದ್ರೂ ನೋವಾಗ್ತಿದೆಯಾ? ಮಾತಾಡಮ್ಮ.”

ನನಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಮೊಣಕೈಯನ್ನು ತಿರುಗಿಸಿ ನೋಡಿಕೊಂಡೆ.

“ಬೈಯಿ. ಏನಾದ್ರೂ ಬೈಯಿ ನನ್ನ.”

ಬೈಯಲು ಬೇಕಾದಷ್ಟಿತ್ತು. ಒಂದು ಬೇಸಿಗೆ ಪೂರ್ತಿ ಕೂಡಿಟ್ಟದ್ದು. ಅವರ ಮುಖ ನೋಡಿದೆ. ಹೆಬ್ಬೆರಳಿನಿಂದ ಅವರು ನನ್ನ ಹೆಲ್ಮೆಟ್ಟಿನ ಗಲ್ಲದ ಭಾಗದಲ್ಲಿ ಬಿದ್ದಿದ್ದ ಉದ್ದನೆಯ ಗೀರನ್ನು ಮತ್ತೆ ಮತ್ತೆ ಸವರುತ್ತಿದ್ದರು, ಸವರಿದರೆ ಅಳಿಸಿಹೋಗುತ್ತದೆ ಎನ್ನುವ ಹಾಗೆ. “ನನಗೇನೂ ಆಗಿಲ್ಲ ಮಾವ,” ಎಂದೆ. ಅವರು ಜಲ್ಲಿಯ ಮೇಲೆ ಹಾಗೇ ಕುಳಿತುಬಿಟ್ಟರು.

ದುರ್ಗ ನೋಡಲಿಲ್ಲ. ದಾರಿಯಲ್ಲಿ ಬಂದವರೊಬ್ಬರು ಗಾಡಿ ಎತ್ತಿಕೊಟ್ಟರು, ಮನೆಯ ಕಡೆಗೇ ತಿರುಗಿದೆವು. ಹೆದ್ದಾರಿಯ ಎಡ ಅಂಚಿನಲ್ಲಿ ಮಾವನವರು ಸೈಕಲ್ಲಿನವರೂ ಬೇಸರಪಡುವಷ್ಟು ನಿಧಾನವಾಗಿ ಓಡಿಸಿದರು. ಆಗಾಗ ಅವರ ಎಡಗೈ ಹ್ಯಾಂಡಲ್ ಬಿಟ್ಟು ಹಿಂದಕ್ಕೆ ಬಂದು, ತಡಕಾಡಿ, ನನ್ನ ಹೆಲ್ಮೆಟ್ಟನ್ನು ಮೆಲ್ಲಗೆ ತಟ್ಟುತ್ತಿತ್ತು. ಇದ್ದೀನಿ ಎಂದು ನಾನು ಅವರ ಹೆಲ್ಮೆಟ್ಟಿಗೆ ತಿರುಗಿ ತಟ್ಟಿದರೆ ಮಾತ್ರ ಆ ಕೈ ಮುಂದಕ್ಕೆ ಹೋಗುತ್ತಿತ್ತು.